ಎರಡು ಟೀ ಶರ್ಟ್ ಮೇಲೊಂದು ಅಂಗಿ: ಬೆಳಗಾವಿಯ ಒಂದು ಪ್ರಕರಣ ಅಧ್ಯಯನ

ಏಪ್ರಿಲ್ ತಿಂಗಳ ಬಿಸಿಲು. ಮೇಲೆ ತುಂಬುತೋಳಿನ ಅಂಗಿ, ಅದರೊಳಗೆ ಒಂದರ ಮೇಲೊಂದು ಎರಡು ಟೀ ಶರ್ಟ್. ಚರ್ಮರೋಗ ವಿಭಾಗಕ್ಕೆ ಬಂದ 22 ವರ್ಷದ ಯುವಕ ಹೇಳಿಕೊಂಡ ತೊಂದರೆ ಎರಡೇ: ಬೆನ್ನು ತುಂಬ ಗುಳ್ಳೆ, ಎಡ ಮೊಲೆತೊಟ್ಟಿನ ಹಿಂದೆ ಮುಟ್ಟಿದರೆ ನೋಯುವ ಗಂಟು. ಅಂಗಿ ತೆಗೆಯಲು ಹಿಂಜರಿದ. ತೆಗೆದ ಮೇಲೆ ಎರಡೂ ತೋಳನ್ನು ಎದೆಗೆ ಅಡ್ಡ ಹಿಡಿದು ನಿಂತ. ಮೈ ಹುರಿಗಟ್ಟಿತ್ತು, ಹೊಟ್ಟೆಯ ಮೇಲೆ ಗೆರೆಗಳು ಎದ್ದು ಕಾಣುತ್ತಿದ್ದವು. ಅವನ ಮಾತು ಬೇರೆಯೇ: “ನೋಡ್ರಿ ಸರ್, ಎಷ್ಟ ಮಾಡಿದ್ರೂ ಕಡ್ಡಿನ ಅದೇನಿ.”

ಇವನು ಯಾವೊಬ್ಬ ನಿಜವ್ಯಕ್ತಿಯೂ ಅಲ್ಲ. ಮೈ ಎಷ್ಟು ಬೆಳೆದರೂ ಸಣ್ಣದೆಂದೇ ಕಾಣುವ ‘ಮಸಲ್ ಡಿಸ್ಮಾರ್ಫಿಯಾ’ ಎಂಬ ಗೀಳಿನ ಯುವಕರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಪ್ರಕರಣ ಇದು. ಅವನ ಅಳತೆ, ಅಂಕ, ವಾರಗಳ ಲೆಕ್ಕ ಚಿಕಿತ್ಸೆ ಸಾಗುವ ಬಗೆಯನ್ನು ತೋರಿಸಲು ಇಟ್ಟವು. ರೋಗ, ಔಷಧ, ದೇಹದ ಬಗೆಗಿನ ಮಾತುಗಳು ವೈದ್ಯಕೀಯವಾಗಿ ಒಪ್ಪಿತವಾದವು.

ಹಿನ್ನೆಲೆ

ಗೋಕಾಕ ತಾಲೂಕಿನ ಹಳ್ಳಿ, ಕಬ್ಬಿನ ಹೊಲದ ಮನೆತನ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ವಡಗಾವಿಯಲ್ಲಿ ಇಬ್ಬರು ಗೆಳೆಯರ ಜೊತೆ ಖೋಲಿ, ಊಟ ಖಾನಾವಳಿಯಲ್ಲಿ. ಅಜ್ಜ ಜಾತ್ರೆಯ ಕುಸ್ತಿಗಳಲ್ಲಿ ಸೆಣಸಿದ ಪೈಲ್ವಾನ. ಮನೆಯಲ್ಲಿ ಅಜ್ಜನ ಒಂದು ಪಟ ಇದೆ: ಅಗಲ ಎದೆ, ದಪ್ಪ ಕುತ್ತಿಗೆ, ಮುಂದೆ ಬಂದ ಗಟ್ಟಿ ಹೊಟ್ಟೆ.

ಈ ಪಟದ ಮಾತು ಇಲ್ಲಿ ಬರಲು ಕಾರಣವಿದೆ. ಮೈ ಬೆಳೆಸುವುದು ಬೆಳಗಾವಿ ಸೀಮೆಗೆ ಹೊಸದಲ್ಲ. ಆದರೆ ಗರಡಿ ಮನೆಯಲ್ಲಿ ಮೈಯ ಅಳತೆ ಎದುರಾಳಿಯ ಕೈಯಲ್ಲಿತ್ತು. ಎಷ್ಟು ದಂಡ, ಎಷ್ಟು ಬೈಠಕ್ಕು, ಯಾರನ್ನು ಚಿತ್ ಮಾಡಿದೆ ಎಂಬುದೇ ಲೆಕ್ಕ. ಹಾಲು, ತುಪ್ಪ, ಬದಾಮಿಯ ಖುರಾಕಿನಿಂದ ಹೊಟ್ಟೆ ಬಂದರೆ ಯಾರೂ ನಾಚುತ್ತಿರಲಿಲ್ಲ. ಈಗಿನ ಜಿಮ್ಮಿನಲ್ಲಿ ಮೂರು ಗೋಡೆಗೆ ಕನ್ನಡಿ, ಕೈಯಲ್ಲಿ ಕ್ಯಾಮೆರಾ. ಶಕ್ತಿಗೆ ಒಂದು ಮಿತಿ ಕಾಣುತ್ತದೆ, ಭಾರ ಎತ್ತಲಾಗದಿದ್ದರೆ ಅಲ್ಲಿಗೆ ಮುಗಿಯಿತು. ರೂಪಕ್ಕೆ ಆ ಮಿತಿ ಇಲ್ಲ. ಮೊಮ್ಮಗನ ಮೈಗೆ ಅಜ್ಜನ ಪಟ ಅಳತೆಗೋಲಾಗಿದ್ದರೆ ಅವನು ಎರಡು ವರ್ಷ ಹಿಂದೆಯೇ ತೃಪ್ತನಾಗಿರುತ್ತಿದ್ದ.

ಪಿಯುಸಿಯ ಆನ್‌ಲೈನ್ ಕ್ಲಾಸಿಗೆಂದು 2020ರಲ್ಲಿ ಅವನಿಗೆ ಸ್ವಂತ ಫೋನ್ ಬಂತು. ಅದೇ ವರ್ಷ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂನ ರೀಲ್ಸ್ ಭಾರತಕ್ಕೆ ಬಂತು. ಆಗ ತೂಕ 58 ಕಿಲೋ. ಜಿಮ್ ಸೇರಿ ಮೂರು ತಿಂಗಳಿಗೆ ಹಾಕಿದ ಮೊದಲ ಫೋಟೋದ ಕೆಳಗೆ ಸಹಪಾಠಿಯೊಬ್ಬ “ಕಡ್ಡಿ ಪೈಲ್ವಾನ” ಎಂದು ಬರೆದ. ಪೈಲ್ವಾನರ ಮನೆಯ ಹುಡುಗನಿಗೆ ಅದು ನಾಟಿತು. ಫೋಟೋ ಅಳಿಸಿದ, ಮಾತು ಅಳಿಯಲಿಲ್ಲ. ಹೀಗೆ ಒಂದು ಗೇಲಿಯಿಂದ ಶುರುವಾಗುವುದು ಈ ತೊಂದರೆಯಲ್ಲಿ ತೀರ ಸಾಮಾನ್ಯ. ಆದರೆ ಗೇಲಿಯೊಂದೇ ಕಾರಣವಲ್ಲ. ಅದೇ ಮಾತು ಕೇಳಿದ ನೂರು ಹುಡುಗರಲ್ಲಿ ಬಹುತೇಕರು ಮರುದಿನಕ್ಕೆ ಮರೆಯುತ್ತಾರೆ. ಸಣ್ಣಂದಿನಿಂದ ಇರುವ ಆತಂಕದ ಸ್ವಭಾವ, ಎಲ್ಲವೂ ಅಚ್ಚುಕಟ್ಟಾಗಿರಲೇಬೇಕೆಂಬ ಹಟ, ಮನೆತನದಲ್ಲಿ ಗೀಳಿನ ಕಾಯಿಲೆ ಇರುವುದು ಇವೆಲ್ಲ ನೆಲ ಹದ ಮಾಡುತ್ತವೆ.

ಅಳತೆ ಏನು ಹೇಳಿತು

ಎತ್ತರ 171 ಸೆಂ.ಮೀ., ತೂಕ 74 ಕಿಲೋ, ಎತ್ತರಕ್ಕೆ ತಕ್ಕ ತೂಕ ಹೇಳುವ ಸೂಚಿ ಬಿಎಂಐ 25.3. ಭಾರತೀಯರಿಗೆ ಬಳಸುವ ಮಾಪನದಲ್ಲಿ 25 ದಾಟಿದರೆ ಬೊಜ್ಜು. ಹಿಂದೊಮ್ಮೆ ಆರೋಗ್ಯ ಶಿಬಿರದಲ್ಲಿ ಅವನ ಚೀಟಿಯ ಮೇಲೆ ಹಾಗೆಯೇ ಬರೆದಿದ್ದರು. ಅಂದಿನಿಂದ ಅವನು ಏಕಕಾಲಕ್ಕೆ ‘ಕಡ್ಡಿ’ಯೂ ‘ಬೊಜ್ಜಿನವ’ನೂ ಆದ. ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂಬ ಭೇದ ತಿಳಿಯದು. ಚರ್ಮದ ಮಡಿಕೆ ಅಳೆದು ನೋಡಿದಾಗ ಕೊಬ್ಬು ಸುಮಾರು ಶೇ. 11. ಕೊಬ್ಬು ಕಳೆದು ಉಳಿದ 66 ಕಿಲೋವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಸುಮಾರು 22.5 ಬರುತ್ತದೆ. ಸಾಮಾನ್ಯ ಯುವಕರಲ್ಲಿ ಈ ಅಂಕಿ 19–20ರ ಆಸುಪಾಸು, ಸ್ನಾಯು ಬೆಳೆಸುವ ಹಾರ್ಮೋನು ಔಷಧವಾದ ಸ್ಟೀರಾಯ್ಡ್ ಇಲ್ಲದೆ 25 ದಾಟುವವರು ವಿರಳ. ಅಂದರೆ ಇವನು ನಿಜಕ್ಕೂ ದಷ್ಟಪುಷ್ಟ. ಈ ಲೆಕ್ಕವನ್ನು ಅವನ ಮುಂದಿಟ್ಟಾಗ “ಅದು ಮಷೀನ್ ತಪ್ಪಿರಬೇಕ್ರಿ” ಎಂದ. ಅಂಕಿ ತೋರಿಸಿ ಒಪ್ಪಿಸುವ ದಾರಿ ಇಲ್ಲಿ ನಡೆಯುವುದಿಲ್ಲ. ಮೊದಲ ಭೇಟಿಯಲ್ಲಿ ವಾದಕ್ಕಿಳಿದರೆ ಎರಡನೇ ಭೇಟಿಗೆ ಅವನು ಬರುವುದೇ ಅನುಮಾನ.

ಗುಳ್ಳೆ ಮತ್ತು ಗಂಟಿಗೆ ಕಾರಣ ಎಂಟು ವಾರಗಳ ಸ್ಟೀರಾಯ್ಡ್ ಇಂಜೆಕ್ಷನ್. ಜಿಮ್ಮಿನ ಪರಿಚಯದವರಿಂದ ಬಿಲ್ಲಿಲ್ಲದೆ ಕೊಂಡ ಬಾಟಲಿ. ನೇರವಾಗಿ ಆದರೆ ತಪ್ಪು ಹೊರಿಸದ ದನಿಯಲ್ಲಿ ಕೇಳಬೇಕು: “ಪೌಡರ್ ಬಿಟ್ಟು ಗುಳಿಗಿ, ಸೂಜಿ ಏನರ ತಗೊಂಡಿದ್ಯಾ?” ಹೊರಗಿನಿಂದ ಬಂದ ಹಾರ್ಮೋನು ಸಾಕಷ್ಟಿದೆಯೆಂದು ಮೆದುಳು ವೃಷಣಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳ ಸಂದೇಶ ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ. ಹೆಚ್ಚಿನ ಟೆಸ್ಟೋಸ್ಟಿರಾನ್‌ನ ಒಂದು ಪಾಲು ಈಸ್ಟ್ರೋಜನ್ ಆಗಿ ಬದಲಾಗಿ ಎದೆಯಲ್ಲಿ ಗಂಟು ಕಟ್ಟುತ್ತದೆ. ಅವನ ರಕ್ತದಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್ ತಳ ಕಂಡಿದ್ದವು, ಒಳ್ಳೆಯ ಕೊಲೆಸ್ಟರಾಲ್ ಎಚ್‌ಡಿಎಲ್ 26ಕ್ಕೆ ಇಳಿದಿತ್ತು, ರಕ್ತದಲ್ಲಿ ಕೆಂಪು ಕಣಗಳ ಪಾಲು ಹೇಳುವ ಹೆಮಟೊಕ್ರಿಟ್ ಶೇ. 53ಕ್ಕೆ ಏರಿತ್ತು.

ಇಲ್ಲಿ ಒಂದು ಎಚ್ಚರ. ಭಾರ ಎತ್ತುವವರಲ್ಲಿ ಲಿವರ್ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಹೆಚ್ಚಿದ ಮಾತ್ರಕ್ಕೆ ಲಿವರ್ ಕೆಟ್ಟಿತೆಂದು ಹೆದರಿಸಬಾರದು. ಸ್ನಾಯು ದಣಿದರೂ ಅವು ಏರುತ್ತವೆ. ಸ್ನಾಯುವಿನ ಕಿಣ್ವ ಸಿಕೆ ಏರಿ, ಲಿವರಿನ ಕಿಣ್ವ ಜಿಜಿಟಿ ಸಹಜವಾಗಿದ್ದರೆ ಮೂಲ ಸ್ನಾಯುವಿನಲ್ಲಿರುವ ಸಾಧ್ಯತೆ ಹೆಚ್ಚು. ಕನಿಷ್ಠ ಒಂದು ವಾರ ಭಾರ ಎತ್ತದೆ ಮತ್ತೆ ಪರೀಕ್ಷಿಸಿದರೆ ತಿಳಿಯುತ್ತದೆ. ಕ್ರಿಯಾಟಿನ್ ಪುಡಿ ತಿನ್ನುವವರಲ್ಲಿ ಕಿಡ್ನಿ ಪರೀಕ್ಷೆಯ ಕ್ರಿಯಾಟಿನೈನ್ ತುಸು ಹೆಚ್ಚು ಕಂಡರೂ ಹೀಗೆಯೇ, ಕಿಡ್ನಿಯ ಸ್ಥಿತಿಗೆ ಸಿಸ್ಟಾಟಿನ್-ಸಿ ಎಂಬ ಬೇರೆ ರಕ್ತಪರೀಕ್ಷೆ ನೋಡಬೇಕು. ಸುಳ್ಳು ಹೆದರಿಕೆ ಹುಟ್ಟಿಸಿದರೆ, ಅದು ಸುಳ್ಳೆಂದು ತಿಳಿದ ದಿನ ಹುಡುಗ ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ.

ಮೊದಲೇ ಹೇಳಿದಂತೆ ಕಾಯಿಲೆಯ ಹೆಸರು ಮಸಲ್ ಡಿಸ್ಮಾರ್ಫಿಯಾ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಬಾಡಿಬಿಲ್ಡರುಗಳಲ್ಲಿ ಇದನ್ನು ಗುರುತಿಸಿ 1997ರಲ್ಲಿ ಈ ಹೆಸರಿನಿಂದ ವಿವರಿಸಿದರು. ಮನೋರೋಗಗಳ ಅಮೆರಿಕನ್ ಕೈಪಿಡಿಯಾದ 2013ರ ಡಿಎಸ್‌ಎಂ-5 ಇದನ್ನು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್‌ನ (ತನ್ನ ರೂಪದಲ್ಲಿ ಇಲ್ಲದ ಕೊರತೆ ಕಾಣುವ ಗೀಳಿನ) ಒಂದು ಬಗೆಯೆಂದು, ಗೀಳಿನ ಕಾಯಿಲೆಗಳ ಅಧ್ಯಾಯದಲ್ಲಿ ಇಟ್ಟಿತು. ಈ ಜಾಗ ಮುಖ್ಯ. ಇದನ್ನು ಶೋಕಿ ಎಂದುಕೊಂಡರೆ ಬೈಯುತ್ತೇವೆ, ಗೀಳು ಎಂದು ತಿಳಿದರೆ ಅದನ್ನು ಬಿಡಿಸುವ ದಾರಿ ಹುಡುಕುತ್ತೇವೆ. ತೀವ್ರತೆ ಅಳೆಯಲು 12 ಪ್ರಶ್ನೆಗಳ, 48 ಅಂಕಗಳ ಬಿಡಿಡಿ-ವೈಬಾಕ್ಸ್ ಎಂಬ ಪ್ರಶ್ನಾವಳಿ ಬಳಸಲಾಯಿತು. ಅಂಕ 29. 20 ದಾಟಿದರೆ ಚಿಕಿತ್ಸೆ ಬೇಕಾದ ಮಟ್ಟ.

ಇನ್ನೊಂದು ಪ್ರಶ್ನೆಯನ್ನು ಯಾರೂ ಬಿಡಬಾರದು: “ಸಾಯಬೇಕು ಅನಸತೈತೇನು?” ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಯೋಚನೆ ಬಹಳ ಹೆಚ್ಚು. ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ವಾರಗಳಲ್ಲಿ ಮನಸ್ಸು ಇನ್ನಷ್ಟು ಕುಸಿಯಬಹುದು. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಸಲ್ಲದು. ಇವನಿಗೆ ಯೋಚನೆ ಬಂದುಹೋಗಿತ್ತು, ಯೋಜನೆ ಇರಲಿಲ್ಲ. ದಿನಕ್ಕೊಮ್ಮೆ ಮಾತಾಡಲು ಅಣ್ಣನನ್ನು ಗೊತ್ತುಮಾಡಿ, ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಉಳಿಸಲಾಯಿತು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಏಳು ದಿನದ ನೋಟ್‌ಬುಕ್ಕು

ಚಿಕಿತ್ಸೆ ಶುರುವಾಗುವ ಮುಂಚೆಯೇ ಮನೆಯವರು ಒಂದು ಉಪಾಯ ಮಾಡಿದ್ದರು: ಹತ್ತು ದಿನ ಫೋನ್ ಕಸಿದಿಟ್ಟರು. ಕನ್ನಡಿ ನೋಡುವುದು ದುಪ್ಪಟ್ಟಾಯಿತು. ಗಾಡಿಯ ಕನ್ನಡಿ, ಅಂಗಡಿಯ ಗಾಜು, ಬಸ್ಸಿನ ಕಿಟಕಿ ಎಲ್ಲವೂ ಕನ್ನಡಿಯೇ. ಹನ್ನೊಂದನೇ ದಿನ ಫೋನ್ ಸಿಕ್ಕಾಗ ರಾತ್ರಿ ಮೂರರವರೆಗೆ ರೀಲ್ಸ್ ನೋಡಿದ, ಮನೆಯವರಿಗೆ ಗೊತ್ತಾಗದ ಇನ್ನೊಂದು ಖಾತೆ ತೆರೆದ. ಫೋನ್ ಕಸಿದರೆ ನೋಡುವ ವಸ್ತು ಹೋಗುತ್ತದೆ, ತನ್ನನ್ನು ತಾನು ತಪಾಸಿಸಿಕೊಳ್ಳುವ ಗೀಳು ಇದ್ದಲ್ಲೇ ಇರುತ್ತದೆ. ಈ ಪ್ರಕರಣ ಅರ್ಥವಾಗುವುದು ಇಲ್ಲಿಂದಲೇ.

ಅದಕ್ಕೆ ಗಂಟೆಗಳ ಬದಲು ತಪಾಸಣೆಗಳನ್ನು ಎಣಿಸಲಾಯಿತು. ಕಿಸೆಯಲ್ಲಿ ಚಿಕ್ಕ ನೋಟ್‌ಬುಕ್ಕು, ಪ್ರತಿ ಸಲಕ್ಕೆ ಒಂದು ಗೀಟು, ಪಕ್ಕದಲ್ಲಿ ನೋಡುವ ಮುಂಚೆ ಮತ್ತು ನೋಡಿದ ಮೇಲಿನ ಬೇಸರಕ್ಕೆ ಹತ್ತಕ್ಕೆ ಎಷ್ಟು ಎಂಬ ಅಂಕ. ಸರಾಸರಿ ದಿನಕ್ಕೆ 44: ಫೋನಿನ ಮುಂದಿನ ಕ್ಯಾಮೆರಾ 19, ಕನ್ನಡಿ 14, ಹೊಟ್ಟೆಯ ಚರ್ಮ ಚಿವುಟಿ ನೋಡುವುದು 8, ಟೇಪಿನಿಂದ ತೋಳಿನ ಸುತ್ತಳತೆ 3. ಇನ್‌ಸ್ಟಾಗ್ರಾಂನ ಸಮಯ ಮೂರು ಗಂಟೆ ಹತ್ತು ನಿಮಿಷ. ಅದರಲ್ಲಿ ನೋವು ಕೊಟ್ಟದ್ದು ಎರಡೇ ಹೊತ್ತು: ಜಿಮ್ಮಿನಿಂದ ಬಂದ ಮೊದಲ ಕಾಲು ಗಂಟೆ, ರಾತ್ರಿ ಹನ್ನೊಂದರ ನಂತರ ಹಾಸಿಗೆಯಲ್ಲಿ. ರೀಲ್ ನೋಡು, ಕ್ಯಾಮೆರಾ ತಿರುಗಿಸಿ ತನ್ನ ತೋಳು ನೋಡು, ಮತ್ತೆ ರೀಲ್. ಈ ಸುತ್ತಿನಲ್ಲಿ ಬೇಸರದ ಅಂಕ 4ರಿಂದ 8ಕ್ಕೆ ಹೋಗುತ್ತಿತ್ತು. ಅದೇ ಹೊತ್ತು ಕ್ರಿಕೆಟ್ ತುಣುಕು ನೋಡಿದ ದಿನ ಅಂಕ ಕದಲಲಿಲ್ಲ.

ತಪಾಸಣೆಯಿಂದ ಕ್ಷಣಕಾಲ ನಿರಾಳವೆನಿಸುತ್ತದೆ. ಆ ನಿರಾಳವೇ ಅದನ್ನು ಬೆಳೆಸುವ ಗೊಬ್ಬರ. ಜೊತೆಗೆ, ಯಾವುದೇ ಭಾಗವನ್ನು ಹತ್ತಿರದಿಂದ ಬಹಳ ಹೊತ್ತು ದಿಟ್ಟಿಸಿದರೆ ಅದು ವಿಚಿತ್ರವಾಗಿ ಕಾಣತೊಡಗುತ್ತದೆ. ಲೆನ್ಸಿನ ಪಾಲೂ ಇದೆ. ಮುಖದಿಂದ ಒಂದು ಅಡಿ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು ಐದು ಅಡಿ ದೂರದ ಫೋಟೋಗಿಂತ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ತೋರಿಸಿದೆ. ಹತ್ತಿರದ್ದು ಹಿಗ್ಗಿ, ದೂರದ್ದು ಕುಗ್ಗುವ ಈ ನಿಯಮ ಭುಜ, ತೋಳುಗಳಿಗೂ ಅನ್ವಯ.

ಒಂದೇ ದಿನದ ಎರಡು ಫೋಟೋ

ಅವನು ಕೂಡಿಟ್ಟ ರೀಲ್‌ಗಳಲ್ಲಿ ಬಹುಪಾಲು ‘90 ದಿನದ ಮೊದಲು–ಆಮೇಲೆ’ ಬಗೆಯವು. ಮೂರನೇ ಭೇಟಿಯಲ್ಲಿ ಚಿಕಿತ್ಸಕರ ಎದುರೇ ಒಂದು ಪ್ರಯೋಗ ನಡೆಯಿತು. ಊಟವಾದ ಅರ್ಧ ಗಂಟೆಗೆ, ಎದುರಿನಿಂದ ಟ್ಯೂಬ್‌ಲೈಟ್ ಬೆಳಕು, ಭುಜ ಇಳಿಬಿಟ್ಟು, ಹೊಟ್ಟೆ ಸಡಿಲಿಸಿ, ಫೋನ್ ಕಣ್ಣಿನ ಮಟ್ಟದಲ್ಲಿ: ಇದು ಮೊದಲ ಫೋಟೋ. ಬಳಿಕ 40 ಪುಷ್‌ಅಪ್, ಸ್ನಾಯುವಿಗೆ ರಕ್ತ ನುಗ್ಗಿ ಅದು ಉಬ್ಬುವವರೆಗೆ. ಟ್ಯೂಬ್‌ಲೈಟ್ ಆರಿಸಿ, ತಲೆಗಿಂತ ಮೇಲೆ ಒಂದು ಪಕ್ಕಕ್ಕೆ ಒಂದೇ ಬಲ್ಬು. ಮೇಲಿನ ಓರೆ ಬೆಳಕಿಗೆ ಪ್ರತಿ ಹುರಿಯ ಕೆಳಗೂ ನೆರಳು ಬೀಳುತ್ತದೆ, ಗೆರೆ ಎದ್ದು ಕಾಣುತ್ತದೆ. ಉಸಿರು ಬಿಟ್ಟು ಹೊಟ್ಟೆ ಬಿಗಿದು, ಸೊಂಟ ತುಸು ತಿರುಗಿಸಿ, ಫೋನ್ ಸೊಂಟದ ಮಟ್ಟದಲ್ಲಿ: ಎರಡನೇ ಫೋಟೋ. ನಡುವೆ ಕಳೆದದ್ದು 20 ನಿಮಿಷ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ರೀಲ್ ಮಾಡುವವರು ಇದಕ್ಕೆ ಇನ್ನೂ ಕೆಲವು ಕೂಡಿಸುತ್ತಾರೆ: ಹಿಂದಿನ ದಿನದಿಂದ ನೀರು ಕಡಿಮೆ ಮಾಡುವುದು, ಮೈಗೆ ಎಣ್ಣೆ, ನೂರರಲ್ಲಿ ಆರಿಸಿದ ಒಂದು, ಫಿಲ್ಟರ್, ಹೇಳದೆ ಬಿಟ್ಟ ಸೂಜಿ.

ಈ ಪ್ರಯೋಗ ಒಮ್ಮೆ ಮಾತ್ರ, ಅದೂ ಚಿಕಿತ್ಸಕರ ಜೊತೆ. ಫೋಟೋಗಳನ್ನು ಅಲ್ಲೇ ಅಳಿಸಬೇಕು. ಮನೆಯಲ್ಲಿ ಒಬ್ಬನೇ ಮಾಡಹೋದರೆ ಇದೇ ಹೊಸ ತಪಾಸಣೆಯಾಗುತ್ತದೆ.

ಹದಿನಾರು ವಾರಗಳ ಕ್ರಮ

ಮೊದಲು ಸ್ಟೀರಾಯ್ಡ್ ನಿಂತಿತು, ಹಾರ್ಮೋನು ತಜ್ಞರ ಉಸ್ತುವಾರಿಯಲ್ಲಿ. ಮೈಯ ಸ್ವಂತ ಟೆಸ್ಟೋಸ್ಟಿರಾನ್ ಮರಳಲು ತಿಂಗಳುಗಳೇ ಬೇಕು. ಆ ಅವಧಿಯ ಸುಸ್ತು, ಕಾಮಾಸಕ್ತಿ ಇಳಿಯುವುದು, ತೂಕ ತುಸು ಕಡಿಮೆಯಾಗುವುದನ್ನು ಮುಂಚೆಯೇ ಹೇಳಿಟ್ಟರು. ಹೇಳದಿದ್ದರೆ ಹುಡುಗ ಅದನ್ನೇ ‘ಕಡ್ಡಿ’ಯಾಗುತ್ತಿರುವ ಸಾಕ್ಷಿಯೆಂದು ತಿಳಿದು ಮತ್ತೆ ಸೂಜಿ ಹಿಡಿಯುತ್ತಾನೆ.

ಮನೋವೈದ್ಯರು ಖಿನ್ನತೆ, ಗೀಳುಗಳಿಗೆ ಕೊಡುವ ಫ್ಲುಆಕ್ಸೆಟಿನ್ ಎಂಬ ಔಷಧವನ್ನು 20 ಮಿ.ಗ್ರಾಂನಿಂದ ಶುರುಮಾಡಿ, ಹಂತಹಂತವಾಗಿ 60ಕ್ಕೆ ಏರಿಸಿದರು. ಈ ಗೀಳಿಗೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುವುದುಂಟು, ಗುಣ ಕಾಣಲು 12ರಿಂದ 16 ವಾರ ಹಿಡಿಯುತ್ತದೆ. ನಾಲ್ಕೇ ವಾರಕ್ಕೆ “ಉಪಯೋಗ ಇಲ್ಲ” ಎಂದು ಬಿಡುವುದು ಇಲ್ಲಿ ಅತಿ ಸಾಮಾನ್ಯ ತಪ್ಪು. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಬಹುದಾದ್ದರಿಂದ ಮೊದಲ ತಿಂಗಳು ವಾರಕ್ಕೊಮ್ಮೆ ಭೇಟಿ.

ಮುಖ್ಯ ಕೆಲಸ ತಪಾಸಣೆ ತಗ್ಗಿಸುವುದು. 44ನ್ನು ಒಂದೇ ದಿನ ಸೊನ್ನೆ ಮಾಡು ಎಂದರೆ ಆಗದ ಮಾತು. ಮೊದಲ ವಾರ ನೋಡಬೇಕೆನಿಸಿದಾಗ ಐದು ನಿಮಿಷ ತಡೆ, ಆಮೇಲೆ ನೋಡು. ಎರಡನೇ ವಾರ ಹತ್ತು, ನಾಲ್ಕನೇ ವಾರ ಇಪ್ಪತ್ತು. ತವಕ ಏರುತ್ತದೆ, ತುದಿ ಮುಟ್ಟುತ್ತದೆ, ನೋಡದಿದ್ದರೂ ತಾನಾಗಿ ಇಳಿಯುತ್ತದೆ. ಇದನ್ನು ಅವನ ನೋಟ್‌ಬುಕ್ಕೇ ಅವನಿಗೆ ಕಲಿಸಿತು. ಟೇಪನ್ನು ಅಣ್ಣನ ಕೈಗೆ ಕೊಟ್ಟ. ಕನ್ನಡಿಗೆ ಬೇರೆ ಪಾಠ: ಮೂರು ಅಡಿ ದೂರ ನಿಂತು, ತಲೆಯಿಂದ ಪಾದದವರೆಗೆ ಇಡೀ ಮೈಯನ್ನು ಐದು ನಿಮಿಷ ನೋಡುತ್ತ, ಹೊಗಳದೆ ತೆಗಳದೆ ವರ್ಣಿಸುವುದು. “ತೋಳು ಗೋಧಿ ಬಣ್ಣ, ಮೊಣಕೈ ಹತ್ತಿರ ಹಳೇ ಗಾಯದ ಕಲೆ.” “ತೋಳು ಸಣ್ಣ” ಎಂದರೆ ಅದು ತೀರ್ಪು, ಮತ್ತೆ ಮೊದಲಿನಿಂದ.

ಇನ್‌ಸ್ಟಾಗ್ರಾಂ ತೆಗೆಸಲಿಲ್ಲ. ಕಾಲೇಜಿನ ಅರ್ಧ ಸುದ್ದಿ ಅಲ್ಲೇ ಬರುತ್ತದೆ. ಆದರೆ ಕೆಲಸದ ಕ್ರಮ ಮುಖ್ಯ. ಮೊದಲು ಕೂಡಿಟ್ಟ ರೀಲ್‌ಗಳನ್ನೆಲ್ಲ ಖಾಲಿ ಮಾಡಬೇಕು, ಏಕೆಂದರೆ ಸೋತ ರಾತ್ರಿ ಕೈ ಹೋಗುವುದು ಅಲ್ಲಿಗೇ. ಆಮೇಲೆ ಮೈ ತೋರಿಸುವ ಖಾತೆಗಳನ್ನು ಎರಡು ಸಲ ಕೂತು ಅನ್‌ಫಾಲೋ ಮಾಡುವುದು, ನಂತರ ಶಿಫಾರಸುಗಳನ್ನು ರೀಸೆಟ್ ಮಾಡುವುದು, 2021ರಿಂದ ಇರುವ ಸೌಲಭ್ಯದಿಂದ ಲೈಕ್ ಸಂಖ್ಯೆ ಮರೆಮಾಡುವುದು. ರೀಸೆಟ್ ಒಂದನ್ನೇ ನಂಬಿದರೆ ಕೆಲವೇ ದಿನಕ್ಕೆ ಹಳೆಯ ಹೊಳೆ ಮತ್ತೆ ಹರಿಯುತ್ತದೆ. ಸಿಟ್ಟಿನಿಂದ ನೋಡಿದರೂ ಎಷ್ಟು ಹೊತ್ತು ನೋಡಿದೆ ಎಂಬುದೇ ಆ್ಯಪಿಗೆ ಲೆಕ್ಕ. ಬಂದ ಕೂಡಲೇ ‘ಆಸಕ್ತಿ ಇಲ್ಲ’ ಒತ್ತಿ ಮುಂದೆ ಸರಿಯಬೇಕು. ರಾತ್ರಿ ಹತ್ತೂವರೆಗೆ ಫೋನ್ ಗೆಳೆಯನ ಹಾಸಿಗೆ ಹತ್ತಿರ ಚಾರ್ಜಿಗೆ.

ಜಿಮ್ ಬಿಡಿಸಲಿಲ್ಲ, ಅಳತೆಗೆ ತಂದರು. ವಾರಕ್ಕೆ ಆರು ದಿನ ಎರಡೂವರೆ ಗಂಟೆ ಇದ್ದದ್ದು ನಾಲ್ಕು ದಿನ ಒಂದು ಗಂಟೆಗೆ ಇಳಿಯಿತು, ಕನ್ನಡಿಗೆ ಬೆನ್ನು ಮಾಡಿ. ದಿನಕ್ಕೆ 230 ಗ್ರಾಂ ಪ್ರೋಟೀನ್ ತಿನ್ನುತ್ತಿದ್ದ. ಕಿಲೋಗೆ ಸುಮಾರು 1.6 ಗ್ರಾಂ ದಾಟಿದರೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣುವುದಿಲ್ಲ, ಅಂದರೆ ಅವನಿಗೆ 118 ಗ್ರಾಂ ಸಾಕು. ತತ್ತಿ, ಹಾಲು, ಮೊಸರು, ಕಾಳುಪಲ್ಯ, ಶೇಂಗಾ ಹಿಂಡಿಯಿಂದ ಅದರ ಬಹುಪಾಲು ಬಂತು, ಉಳಿದದ್ದಕ್ಕೆ ದಿನಕ್ಕೊಂದೇ ಚಮಚೆ ಪೌಡರ್. ಡಬ್ಬಿಗಳ ದುಡ್ಡಿಗೆಂದು ಮಾಡಿಕೊಂಡ ಕೈಗಡ ನಿಂತಿತು.

ಅಂಜಿಕೆಯ ಏಣಿಗೆ ಅವನೇ ಮೆಟ್ಟಿಲು ಬರೆದ, ನೂರಕ್ಕೆ ಎಷ್ಟು ಅಂಜಿಕೆ ಎಂಬ ಅಂಕದೊಂದಿಗೆ: ಒಳಗೆ ಒಂದೇ ಟೀ ಶರ್ಟ್ ತೊಟ್ಟು ಕಾಲೇಜಿಗೆ (35), ತೂಕ ಮಾಡದೆ ಒಂದು ತುಂಡು ಕುಂದಾ ತಿನ್ನುವುದು (45), ಅರ್ಧ ತೋಳಿನ ಅಂಗಿಯಲ್ಲಿ ಗೋಕಾಕ ಬಸ್ಸು (60), ಮದುವೆ ಪಂಕ್ತಿಯಲ್ಲಿ ಕೂತು ಹೋಳಿಗೆ ಊಟ (70), ಅಣ್ಣತಮ್ಮಂದಿರ ಜೊತೆ ತೋಟದ ಬಾವಿಯಲ್ಲಿ ಬರಿಮೈಯಲ್ಲಿ ಈಜು (95). ಒಂದು ಮೆಟ್ಟಿಲಿನ ಅಂಜಿಕೆ ಅರ್ಧಕ್ಕಿಳಿದ ಮೇಲೆ ಮುಂದಿನದು.

ಮನೆಯವರು, ಗೆಳೆಯರು

ನಮ್ಮ ಕಡೆ ಪ್ರೀತಿಯ ಮೊದಲ ಮಾತೇ ಮೈಯ ಮೇಲೆ ಬರುತ್ತದೆ. ಊರಿಗೆ ಕಾಲಿಟ್ಟೊಡನೆ ಅವ್ವ “ಯಾಕೋ ತಮ್ಮಾ, ಇಷ್ಟ ಸೊರಗೀಯಲ್ಲ” ಎನ್ನುತ್ತಾಳೆ. ಅವಳ ಬಾಯಲ್ಲಿ ಅದು ಮಮತೆ, ಅವನ ಕಿವಿಯಲ್ಲಿ ಆ ರಾತ್ರಿಯ ನಿದ್ದೆ ಕೆಡಿಸುವ ತೀರ್ಪು. ಮುಂದಿನ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಮೈಯ ಮಾತೇ ಎತ್ತಬಾರದೆಂದು ಮನೆಮಂದಿಗೆ ಈಗಿನಿಂದಲೇ ತಿಳಿಸಲಾಯಿತು. ಹಿಂದಿನ ವರ್ಷ ಅಲ್ಲಿ ಅವನು ಡಬ್ಬಿಯಲ್ಲಿ ತಂದ ತತ್ತಿ ಬಿಟ್ಟು ಏನೂ ಮುಟ್ಟಿರಲಿಲ್ಲ, ಅವ್ವ ಅತ್ತಿದ್ದಳು. ಆ ದಿನದ ನೋವನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಐದನೇ ವಾರದ ಭೇಟಿಯಲ್ಲಿ.

ಗೆಳೆಯರದು ಬೇರೆ ಸಮಸ್ಯೆ. “ನನ್ನ ತೋಳ ಸಣ್ಣ ಆಗ್ಯಾವೇನ್ಲೇ?” ಎಂದು ದಿನಕ್ಕೆ ಹತ್ತು ಸಲ ಕೇಳಿದರೆ ಅವರು ಹತ್ತು ಸಲವೂ “ಇಲ್ಲೋ, ಮಸ್ತ್ ಅದಾವ” ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನ ಈ ಉತ್ತರವೂ ಕನ್ನಡಿಯಂತೆಯೇ ಕೆಲಸ ಮಾಡುತ್ತದೆ: ಐದು ನಿಮಿಷ ನಿರಾಳ, ಮತ್ತೆ ಪ್ರಶ್ನೆ. ಅವರಿಗೆ ಕಲಿಸಿದ ಮಾತು ಇಷ್ಟೇ: “ಅದನ್ನ ನಾ ಹೇಳಂಗಿಲ್ಲ ದೋಸ್ತ, ಬಾ ಚಾ ಕುಡಿಯೂಣು.” ಮೊದಲ ವಾರ ಜಗಳವಾಯಿತು. ಮೂರನೇ ವಾರಕ್ಕೆ ಪ್ರಶ್ನೆ ದಿನಕ್ಕೆ ಒಂದೆರಡಕ್ಕೆ ಇಳಿಯಿತು.

ಒಂಬತ್ತನೇ ವಾರ

ಸೋದರಮಾವನ ಮಗಳ ಮದುವೆಯ ಫೋಟೋಗಳು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದವು. ಒಂದರಲ್ಲಿ ಅವನು ಪಂಕ್ತಿಯಲ್ಲಿ ಕೂತಿದ್ದ, ಕೂತವರ ಹೊಟ್ಟೆಯಂತೆ ಅವನದೂ ಮಡಿಚಿತ್ತು. ಆ ರಾತ್ರಿ 31 ತಪಾಸಣೆ. ಮರುದಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಹಳೆಯ ಬಾಟಲಿ ಕೈಗೆ ಬಂತು. ಅದನ್ನು ಮೊದಲೇ ಬಿಸಾಡಿಸದೆ ಇದ್ದದ್ದು ಚಿಕಿತ್ಸಾ ತಂಡದ ತಪ್ಪು. ‘ನಿಲ್ಲಿಸಿದ್ದೇನೆ’ ಎಂಬ ಮಾತು ಕೇಳಿ ‘ಉಳಿದದ್ದು ಎಲ್ಲಿದೆ’ ಎಂದು ಕೇಳಿರಲಿಲ್ಲ. ಅವನು ಸೂಜಿ ಚುಚ್ಚಿಕೊಳ್ಳಲಿಲ್ಲ, ಅಣ್ಣನಿಗೆ ಫೋನ್ ಮಾಡಿದ. ಬಾಟಲಿ ಆಸ್ಪತ್ರೆ ಸೇರಿತು. ಆ ವಾರ ಏಣಿಯಲ್ಲಿ ಹೊಸ ಮೆಟ್ಟಿಲು ಹತ್ತಿಸದೆ, ತಪಾಸಣೆಯ ತಡೆಯನ್ನು ಮತ್ತೆ ಹತ್ತು ನಿಮಿಷಕ್ಕಿಳಿಸಿ ಅಲ್ಲಿಂದ ಮುಂದುವರಿಸಲಾಯಿತು.

ಎದೆಯ ಗಂಟು ಕರಗಿರಲಿಲ್ಲ. ಆಪರೇಷನ್ ಮಾಡಿಸಿ ಎಂದು ಹಟ ಹಿಡಿದ. ಇಂಥ ಗಂಟು ಹೊಸದಿದ್ದಾಗ ಮಾತ್ರ ಗುಳಿಗೆಗೆ ಬಗ್ಗುತ್ತದೆ, ವರ್ಷ ದಾಟಿದರೆ ನಾರುಗಟ್ಟಿ ಗುಳಿಗೆಗೆ ಜಗ್ಗುವುದಿಲ್ಲ. ಆದರೆ ಗೀಳು ತೀವ್ರವಾಗಿರುವಾಗ ಕತ್ತಿ ಹಿಡಿದರೆ ಅತೃಪ್ತಿ ಗಂಟಿನಿಂದ ಗಾಯದ ಕಲೆಗೆ ಜಿಗಿಯುತ್ತದೆ. ಹಾರ್ಮೋನು ತಜ್ಞರು ಗುಳಿಗೆ ಕೊಟ್ಟರು, ಶಸ್ತ್ರಚಿಕಿತ್ಸೆಯ ಮಾತನ್ನು ಆರು ತಿಂಗಳು ಮುಂದೂಡಿದರು.

ಹದಿನಾರನೇ ವಾರಕ್ಕೆ

ಬಿಡಿಡಿ-ವೈಬಾಕ್ಸ್ 29ರಿಂದ 14. ತಪಾಸಣೆ ದಿನಕ್ಕೆ 6. ತೂಕ 72. ಎಲ್‌ಎಚ್, ಎಫ್‌ಎಸ್‌ಎಚ್ ಮೇಲೇಳುತ್ತಿವೆ, ಪೂರ್ತಿ ಸರಿಹೋಗಿಲ್ಲ. ಬೆನ್ನಿನ ಗುಳ್ಳೆ ಒಣಗಿವೆ, ಕಲೆ ಉಳಿದಿವೆ. ಇನ್‌ಸ್ಟಾಗ್ರಾಂ ಈಗಲೂ ದಿನಕ್ಕೆ ಒಂದೂವರೆ ಗಂಟೆ ಇದೆ, ಅದನ್ನು ಇನ್ನೂ ಇಳಿಸಬೇಕೆಂಬ ಗುರಿ ಯಾರೂ ಇಟ್ಟಿಲ್ಲ. ಫ್ಲುಆಕ್ಸೆಟಿನ್ ಕನಿಷ್ಠ ಒಂದು ವರ್ಷ ಮುಂದುವರಿಯುತ್ತದೆ. ಪದವಿ ಮುಗಿದು ಊರಿಗೆ ಮರಳುವುದರಿಂದ ಮುಂದಿನ ಭೇಟಿಗಳನ್ನು ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯಕ್ಕೆ ಜೋಡಿಸಲಾಗಿದೆ, ಹೆಚ್ಚಿನ ನೆರವು ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಕೊನೆಯ ಭೇಟಿಗೆ ಅವನು ಬಂದದ್ದು ಅರ್ಧ ತೋಳಿನ ಅಂಗಿಯಲ್ಲಿ, ಒಳಗೆ ಬರೀ ಬನಿಯನ್. ಏಣಿಯಲ್ಲಿ ಬಾವಿಯ ಮೆಟ್ಟಿಲು ಬಾಕಿ ಇದೆ. ಅದರ ಮುಂದೆ ಬರೆದಿದ್ದ 95ನ್ನು ಹೊಡೆದು 70 ಎಂದು ತಿದ್ದಿದ್ದಾನೆ.